ಧೂಪದ ಮರದ ಕೊಬ್ಬುದೇ, ಅಜ್ಜಿ ಒಳ ಬಿಡದ್ದ ಕೇಂಡ್ಲುದೇ

1986ರ ಆಟಿ ತಿಂಗಳು. ಆನು ಮಂಗಳೂರಿಲಿ ಬಿ.ಎಸ್ಸಿ. ಎರಡನೇ ವರ್ಷ ಓದಿಗೊಂಡಿತ್ತಿದ್ದೆ. ಒಂದು ಶನಿವಾರ ಹೊತ್ತೋಪಗ ಬಸ್ಸಿಳುದು, ತೋಡು ದಾಂಟಿ ಮನೆಗೆ ಎತ್ತುವಗ ಕಸ್ತಲೆ ಆಗಿತ್ತಿದ್ದು. ಎಲ್ಲಿಯೋ ಮರ ಬಿದ್ದು ಕರೆಂಟು ಹೋಗಿ ನಾಲ್ಕು ದಿನ. ರೇಶನಿಲಿ ಸಿಕ್ಕಿದ ಚಿಮಿಣಿ ಎಣ್ಣೆದೇ ಮುಗುದ್ದು. ಎನ್ನ ಚೀಲಲ್ಲಿ ಪೇಟೆಂದ ತಂದ ಒಂದು ಕಟ್ಟ ಕೇಂಡ್ಲು ಇತ್ತು. ದೊಡ್ಡ ಕಾರ್ಯ ಮಾಡಿದ ಹಾಂಗೆ ಒಂದರ ಹೊತ್ತುಸಿ, ಕೈ ಅಡ್ಡ ಹಿಡ್ಕೊಂಡು ದೇವರ ಕೋಣೆಗೆ ಹೋಪಲೆ ಹೆರಟೆ.

"ಮಾಣೀ, ಅದು ಒಳ ಬಪ್ಪಲಾಗ" ಹೇಳಿತ್ತು ಅಜ್ಜಿ.

"ಎಂತಕೆ?"

"ಅದು ಕೊಬ್ಬಿಂದು."

ಅಜ್ಜಿಯ ಮಾತಿಂಗೆ ಒಂದು ಹಿನ್ನೆಲೆ ಇತ್ತು. ಅದರಿಂದ ಮೂರು ವರ್ಷ ಮದಲು, 1983ಲಿ, ವನಸ್ಪತಿಗೆ ದನದ ಕೊಬ್ಬು ಬೆರಕೆ ಮಾಡ್ತವು ಹೇಳುವ ಶುದ್ದಿ ದೇಶಲ್ಲಿಡೀ ಹಬ್ಬಿತ್ತಿದ್ದು. ಹೆರದೇಶಂದ ಆ ಕೊಬ್ಬು ತರುಸುದರ ಸರ್ಕಾರವೇ ನಿಲ್ಲುಸೆಕ್ಕಾಗಿ ಬಂತು. ಪೇಪರಿಲಿ ಬಂದ ಆ ಶುದ್ದಿಯ ಅಪ್ಪ ಓದಿ ಹೇಳಿದ ದಿನವೇ ಅಜ್ಜಿ ಮನೆಲಿದ್ದ ವನಸ್ಪತಿ ಡಬ್ಬಿಯ ಜಾಲಿಂಗೆ ಹಾಕ್ಸಿತ್ತು. ಅಂದಿಂದ ಮತ್ತೆ, ಬೆಳೀ ಇದ್ದು ಗಟ್ಟಿ ಆಗಿ ಪೇಟೆಂದ ಬಪ್ಪ ಯೇವದರ ಮೇಲೆದೇ ಅಜ್ಜಿಗೆ ಸಂಶಯ.

ಆನು ಬಿಟ್ಟಿದಿಲ್ಲೆ. ಕಾಲೇಜಿಲಿ ಕಲ್ತದರ ಹೇಳ್ಲೆ ಒಂದು ಅವಕಾಶ ಸಿಕ್ಕಿದ ಹಾಂಗಾತು. "ಅಜ್ಜೀ, ಇದು ಪ್ಯಾರಾಫಿನ್. ಭೂಮಿಯ ಅಡಿಂದ ತೆಗದ ಎಣ್ಣೆಂದ ಬಪ್ಪದು. ನಿನ್ನ ಚಿಮಿಣಿ ಎಣ್ಣೆಯ ತಂಗೆ. ಇದರಲ್ಲಿ ಎಲ್ಲಿಂದ ಬಂತು ಕೊಬ್ಬು?" ಹೇಳಿ ಐದು ನಿಮಿಷ ಪಾಠ ಮಾಡಿದೆ.

ಅಜ್ಜಿ ಪೂರ ಕೇಳಿತ್ತು. ಮತ್ತೆ ಹೇಳಿತ್ತು: "ಮರಲ್ಲಿ ಆದ ಕೊಬ್ಬು ಎಂಗಳ ಜಾಲಿನ ಕರೆಲೇ ಇತ್ತು. ಕರೆಂಟು ಬತ್ತು ಹೇಳಿ ಆ ಮರವ ಕೊಟ್ಟವು. ಈಗ ಕರೆಂಟುದೇ ಇಲ್ಲೆ, ಮರವುದೇ ಇಲ್ಲೆ."

ಮರಲ್ಲಿ ಕೊಬ್ಬು! ಎನಗೆ ನೆಗೆ ಬಂತು. ಜೋರಾಗಿಯೇ ನೆಗೆ ಮಾಡಿದೆ. ಅಜ್ಜಿ ಮತ್ತೆ ಮಾತಾಡಿದ್ದಿಲ್ಲೆ. ಆ ಇರುಳು ಎಂಗೊ ಎಲ್ಲ ಜೆಗಿಲಿಲಿ ಕೇಂಡ್ಲಿನ ಬೆಣಚ್ಚಿಲಿ ಉಂಡೆಯೊ. ಅಜ್ಜಿ ದೇವರ ಕೋಣೆಯ ಬಾಗಿಲಿನ ಹತ್ತರೆ ಕಸ್ತಲೆಲಿ ಕೂದೊಂಡತ್ತು. ಎರಡು ವರ್ಷ ಕಳುದು ಅಜ್ಜಿ ತೀರಿಹೋತು.

ಮರದ ಕೊಬ್ಬು ಹೇಳಿರೆ ಎಂತದು ಹೇಳಿ ಆನು ಕೇಳಿದ್ದಿಲ್ಲೆ. ಈಗ ಕೇಳ್ಲೆ ಅಜ್ಜಿ ಇಲ್ಲೆ. ಹಾಂಗಾಗಿ ಪುಸ್ತಕಂಗಳ ಓದಿದೆ, ಅತ್ತೆಯ ಹತ್ತರೆ ಕೇಳಿದೆ. ಸಿಕ್ಕಿದ್ದರ ಇಲ್ಲಿ ಬರದು ಮಡುಗುತ್ತೆ.

ಸುರುವಿಂಗೆ ಅಜ್ಜಿಯ ಮಾತಿನ ಒಂದು ಹೊಡೆ ನೋಡುವೊ. ಕೇಂಡ್ಲು ಕೊಬ್ಬಿಂದೊ, ಅಲ್ಲದೊ? ಕೇಂಡ್ಲಿನ ಕಥೆ ಎಂಗಳ ಊರಿಂದಲ್ಲ, ಚಳಿ ದೇಶಂಗಳದ್ದು. ಹಾಂಗಾಗಿ ಒಂದರಿ ಇಂಗ್ಲೆಂಡಿಂಗೆ ಹೋಗಿ ಬಪ್ಪೊ.

ಎಂಗೊಗೆ ಮೇಣ ಹೇಳಿರೆ ಸುರುವಿಂಗೆ ನೆಂಪಪ್ಪದು ಹಲಸಿನಕಾಯಿದು. ಅವಕ್ಕೆ ಮೇಣ ಹೇಳಿರೆ ಜೇನಿಂದು. ಜೇನುಮೇಣದ ಬತ್ತಿ ಇಗರ್ಜಿಗೆ, ಅರಮನೆಗೆ, ಪೈಸೆ ಇಪ್ಪವಕ್ಕೆ. ಅದರಲ್ಲಿ ಹೊಗೆ ಕಡಮ್ಮೆ, ಪರಿಮ್ಮಳ ಇದ್ದು, ಕ್ರಯವುದೇ ಹಾಂಗೇ. ಒಳುದವಕ್ಕೆಲ್ಲ ಇದ್ದದು ಕೊಬ್ಬಿನ ಬತ್ತಿ. ದನದ್ದು, ಕುರಿದು. ಈ ಎರಡು ಕಸುಬಿನವು ಲಂಡನಿಲಿ ಬೇರೆ ಬೇರೆ ಸಂಘ ಕಟ್ಟಿಗೊಂಡಿತ್ತಿದ್ದವು. ಕೊಬ್ಬಿನ ಬತ್ತಿಯವಕ್ಕೆ ರಾಜನ ಸನ್ನದು ಸಿಕ್ಕಿದ್ದು 1462ಲಿ, ಜೇನುಮೇಣದವಕ್ಕೆ 1484ಲಿ. ಅಂಬಗ ಅಜ್ಜಿ ಹೇಳಿದ್ದು ನೂರಾರು ವರ್ಷದ ಮಟ್ಟಿಂಗೆ ಪೂರ ಸತ್ಯ. ಕೇಂಡ್ಲು ಹೇಳಿರೆ ಹೆಚ್ಚಿನ ಮನೆಗಳಲ್ಲಿ ಕೊಬ್ಬೇ.

ಹಳ್ಳಿಲಿ ಅದರ ಮನೆಲೇ ಮಾಡುಗು. ಚಳಿಗಾಲಲ್ಲಿ ಜಾನುವಾರುಗೊಕ್ಕೆ ಹುಲ್ಲು ಸಾಲ. ನವೆಂಬರ 11ರ ಸಂತ ಮಾರ್ಟಿನನ ಹಬ್ಬದ ಹೊತ್ತಿಂಗೆ, ಸಾಂಕಲೆ ಎಡಿಯದ್ದರ ಕಡುದು, ಮಾಂಸವ ಉಪ್ಪಿಲಿ ಹಾಕಿ ಮಡುಗುಗು. ಮೂತ್ರಪಿಂಡದ ಸುತ್ತ ಇಪ್ಪ ಗಟ್ಟಿ ಕೊಬ್ಬಿನ ಬೇರೆ ತೆಗಗು. ಎಂಗೊ ಸಸ್ಯಾಹಾರಿಗೊಕ್ಕೆ ಇದರ ಓದುವಗ ರಜ ಕಷ್ಟ ಆವುತ್ತು. ಆದರೆ ಅದರಿಂದ ಮತ್ತೆ ಮಾಡುವ ಕೆಲಸವ ನೋಡಿ. ಕೊಬ್ಬಿನ ಸಣ್ಣಕೆ ಕೊಚ್ಚುದು. ಪಾತ್ರಲ್ಲಿ ನೀರು ಹಾಕಿ ಸಣ್ಣ ಕಿಚ್ಚಿಲಿ ಕೊದಿಶುದು. ಕರಗಿದ್ದರ ವಸ್ತ್ರಲ್ಲಿ ಸೋಸುದು. ತಣಿವಲೆ ಬಿಡುದು. ಉದಿಯಪ್ಪಗ ನೀರ ಮೇಲೆ ಬೆಳೀ ಚಕ್ಕೆ ಕೂದಿರ್ತು. ಕಸರು ಅಡಿಲಿ ನೀರಿಲಿ ಒಳಿತ್ತು. ಇನ್ನುದೇ ಶುದ್ಧ ಆಯೆಕ್ಕಾದರೆ ಇನ್ನೊಂದರಿ ಅದನ್ನೇ ಮಾಡುದು. ಕುರಿಯ ಕೊಬ್ಬು ಗಟ್ಟಿ, ದನದ್ದು ರಜ ಮೆಸ್ತಂಗೆ, ಹಂದಿದು ಸರಿ ಗಟ್ಟಿ ಆಗ, ಹೊಗೆದೇ ಜಾಸ್ತಿ.

ಮತ್ತೆ ಬತ್ತಿ. ಹತ್ತಿಯ ನೂಲಿನ ಹುರಿಮಾಡಿ ಒಂದು ಕೋಲಿಂಗೆ ಸಾಲಾಗಿ ನೇಲ್ಸುಗು. ಕರಗಿದ ಕೊಬ್ಬಿಂಗೆ ಒಂದರಿ ಮುಳುಗುಸಿ ತೆಗವದು, ತಣಿವನ್ನಾರ ಕಾವದು, ಪುನಃ ಮುಳುಗುಸುದು. ಪ್ರತಿಸರ್ತಿ ಒಂದು ತೆಳು ಪದರ ಹಿಡಿತ್ತು. ಹೆಚ್ಚು ಹೊತ್ತು ಮುಳುಗುಸಿ ಹಿಡುದರೆ ಮದಲು ಹಿಡುದ್ದದುದೇ ಕರಗಿ ಹೋವುತ್ತು. ಹೀಂಗೆ ಇಪ್ಪತ್ತು ಮೂವತ್ತು ಸರ್ತಿ. ತಗಡಿನ ಅಚ್ಚು ಇಪ್ಪವು ಅದಕ್ಕೆ ಎರವಗು. ಆದ ಬತ್ತಿಗಳ ತಗಡಿನ ಪೆಟ್ಟಿಗೆಲಿ ತುಂಬುಸಿ ಗೋಡೆಗೆ ನೇಲ್ಸೆಕ್ಕು. ಇಲ್ಲದ್ದರೆ ಎಲಿ ತಿಂತು. ತಿಂಬಲೆ ಅಪ್ಪ ವಸ್ತುವನ್ನೇ ಹೊತ್ತುಸುದು ಅದು. ಹಾಂಗಾಗಿ ಬಡವರ ಮನೆಲಿ ಬತ್ತಿ ಹೊತ್ತುಸುವಗ ಲೆಕ್ಕ ಹಾಕಿಯೇ ಹೊತ್ತುಸುಗು.

ಇಷ್ಟು ಬಂಙ ಬಂದು ಮಾಡಿದ್ದಕ್ಕೆ ಸರ್ಕಾರದ ಕಣ್ಣು ಬಿದ್ದತ್ತು. 1709ಲಿ ಬ್ರಿಟನಿಲಿ ಕೇಂಡ್ಲಿಂಗೆ ತೆರಿಗೆ ಹಾಕಿದವು. ಲೈಸೆನ್ಸ್ ಇಲ್ಲದ್ದೆ, ತೆರಿಗೆ ಕೊಡದ್ದೆ ಮನೆಲಿ ಕೇಂಡ್ಲು ಮಾಡ್ಲಾಗ ಹೇಳಿ ಆತು. ಮನೆಯ ಕೊಬ್ಬು, ಮನೆಯ ಕಿಚ್ಚು, ಮನೆಯ ಹೆಮ್ಮಕ್ಕಳ ಕೈ. ಆದರುದೇ ತಪ್ಪು. ಈ ತೆರಿಗೆ ಹೋದ್ದು 1831ಲಿ, ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಕಳುದಿಕ್ಕಿ.

ಆದರೆ ಆ ಕಾನೂನಿಲೇ ಬಡವರಿಂಗೆ ಒಂದು ಸಣ್ಣ ಕಿಂಡಿ ಬಿಟ್ಟಿತ್ತಿದ್ದವು. ಜೌಗು ಜಾಗೆಲಿ ಬೆಳವ ಒಂದು ಜಾತಿಯ ಜೊಂಡು ಹುಲ್ಲಿನ ಕೊಬ್ಬಿಲಿ ಒಂದೇ ಒಂದು ಸರ್ತಿ ಮುಳುಗುಸಿ, ಮಾರದ್ದೆ, ಸ್ವಂತ ಮನೆಲಿ ಹೊತ್ತುಸುತ್ತರೆ ತೆರಿಗೆ ಇಲ್ಲೆ. ಎರಡನೇ ಸರ್ತಿ ಮುಳುಗುಸಿರೆ ಅದು ಕೇಂಡ್ಲು! ಈ ಹುಲ್ಲಿನ ಬತ್ತಿಯ ಬಗ್ಗೆ ಗಿಲ್ಬರ್ಟ್ ವೈಟ್ ಹೇಳುವ ಪಾದ್ರಿ 1775ರ ನವೆಂಬರಿಲಿ ಒಂದು ಕಾಗದ ಬರದ್ದವು. ಅವು ಇದ್ದದು ಹ್ಯಾಂಪ್‌ಶೈರಿನ ಸೆಲ್‌ಬೋರ್ನ್ ಹೇಳುವ ಹಳ್ಳಿಲಿ. ಹಕ್ಕಿ, ಹುಳು, ಗಿಡಂಗಳ ನೋಡಿ ಬರೆತ್ತಿದ್ದವು. ಆ ಕಾಗದಂಗೊ 1789ಲಿ ಪುಸ್ತಕ ಆಗಿ ಬಂತು.

ವೈಟ್ ಅವರ ಲೆಕ್ಕ ನೋಡಿರೆ ಎನ್ನ ಅಜ್ಜಿಯೇ ಬರೆಶಿದ ಹಾಂಗೆ ಇದ್ದು. ಬೇಸಗೆಲಿ ಹೆಮ್ಮಕ್ಕೊ, ಮಕ್ಕೊ, ಪ್ರಾಯ ಆದವು ಹುಲ್ಲು ಕೊಯ್ದು ತಂದು ನೀರಿಲಿ ಹಾಕುಗು. ಮತ್ತೆ ಅದರ ಚೋಲಿ ಸೊಲುದು, ಒಳಾಣ ತಿರುಳು ನಿಂಬಲೆ ಬೇಕಾಗಿ ಒಂದೇ ಒಂದು ಎಳೆ ಚೋಲಿ ಬಿಡುಗು. ಹುಲ್ಲಿನ ಮೇಲೆ ಇಬ್ಬನಿ ಬೀಳ್ಲೆ ಬಿಟ್ಟು, ಮತ್ತೆ ಬೆಶಿಲಿಂಗೆ ಒಣಗುಸುಗು. ಒಂದು ಪೌಂಡು ಒಣ ಹುಲ್ಲಿಲಿ ಸಾವಿರದ ಆರುನೂರಕ್ಕೂ ಹೆಚ್ಚು ಕಡ್ಡಿ. ಅದಕ್ಕೆ ಆರು ಪೌಂಡು ಕೊಬ್ಬು ಬೇಕು. ಜಾಣೆ ಆದ ಕೂಲಿಯವನ ಹೆಂಡತ್ತಿಗೆ ಆ ಕೊಬ್ಬಿಂಗೆ ಪೈಸೆ ಇಲ್ಲೆ, ಎಂತಕೆ ಹೇಳಿರೆ ಮಾಂಸ ಬೇಶಿದ ಪಾತ್ರದ ಮೇಲೆ ತೇಲಿದ್ದರ ಅದು ತೆಗದು ಮಡುಗಿರ್ತು. ಎರಡೂಕಾಲು ಅಡಿಂದ ರಜ ಹೆಚ್ಚು ಉದ್ದದ ಒಂದು ಕಡ್ಡಿ ಮೂರು ನಿಮಿಷ ಕಡಮ್ಮೆ ಒಂದು ಗಂಟೆ ಹೊತ್ತಿತ್ತಡ. ಎಲ್ಲವನ್ನೂ ಪೈಸೆ ಕೊಟ್ಟು ತಂದರುದೇ ಒಂದು ಫಾರ್ದಿಂಗಿಂಗೆ, ಹೇಳಿರೆ ಪೆನ್ನಿಯ ಕಾಲು ಭಾಗಕ್ಕೆ, ಐದೂವರೆ ಗಂಟೆ ಬೆಣಚ್ಚು. ಅಂಗಡಿಂದ ಅರ್ಧ ಪೆನ್ನಿಯ ಕೇಂಡ್ಲು ತಂದರೆ, ಗಾಳಿ ನುಗ್ಗುವ ಬಡವರ ಮನೆಲಿ ಅದು ಎರಡು ಗಂಟೆಲಿ ಮುಗಿತ್ತು. ಅದೇ ಪೈಸೆಗೆ ಹುಲ್ಲಿನ ಬತ್ತಿ ಹನ್ನೊಂದು ಗಂಟೆ ಬತ್ತಿತು. ತೀರ ಬಡವಾದವೇ ದಿನಾ ಇರುಳು ಅಂಗಡಿ ಕೇಂಡ್ಲು ತತ್ತವನ್ನೇ ಹೇಳಿ ವೈಟ್ ಅವಕ್ಕೆ ಬೇಜಾರ. ಹುಲ್ಲಿನ ಬತ್ತಿ ಮಾಡೆಕ್ಕಾದರೆ ಬೇಸಗೆಲೇ ಪುರುಸೊತ್ತು ಬೇಕನ್ನೆ. ಕೂಲಿಗೆ ಹೋಪವಕ್ಕೆ ಅದು ಎಲ್ಲಿದ್ದು?

ಕೊಬ್ಬಿನ ಬತ್ತಿಗೆ ಎರಡು ದೋಷ. ಒಂದು, ನೆಣೆ ಪೂರ ಹೊತ್ತದ್ದೆ ಕರಿ ಆಗಿ ಉದ್ದ ನಿಂದು ಹೊಗೆ ಕೊಡುಗು. ಹಾಂಗಾಗಿ ಒಬ್ಬ ಹತ್ತರೆ ಕೂದು, ಸಣ್ಣ ಪೆಟ್ಟಿಗೆ ಇಪ್ಪ ಒಂದು ನಮುನೆ ಕತ್ತರಿಲಿ ಅದರ ಕತ್ತರುಸಿಯೊಂಡೇ ಇರೆಕ್ಕು. 1820ರ ದಶಕಲ್ಲಿ ಫ್ರಾನ್ಸಿಲಿ ಜೆಡೆಯ ಹಾಂಗೆ ಹೆಣದ ನೆಣೆ ಬಂತು. ಅದು ಹೊತ್ತುವಗ ತನ್ನಷ್ಟಕೇ ಹೊಡೆಂಗೆ ಬಗ್ಗಿ ಬೂದಿ ಆವುತ್ತು. ನಾವು ಈಗ ಕೇಂಡ್ಲಿಲಿ ನೋಡುದು ಅದನ್ನೇ.

ಇನ್ನೊಂದು ದೋಷ ನಾತ. ಇದಕ್ಕೆ ಕಾರಣ ಹುಡ್ಕಿದ್ದು ಮಿಶೆಲ್ ಶೆವ್ರೊಲ್ ಹೇಳುವ ಫ್ರಾನ್ಸಿನ ರಸಾಯನ ವಿಜ್ಞಾನಿ. ಕೊಬ್ಬು ಹೇಳಿರೆ ಒಂದೇ ವಸ್ತು ಅಲ್ಲ, ಕೆಲವು ಆಮ್ಲಂಗಳುದೇ ಗ್ಲಿಸರಿನುದೇ ಸೇರಿದ್ದು ಹೇಳಿ ಅವು ತೋರುಸಿದವು. ಆ ಕೆಲಸದ ಪುಸ್ತಕ 1823ಲಿ ಬಂತು. ಹೊತ್ತುವಗ ಮೂಗಿಂಗೆ ಬಡಿವ ನಾತ ಗ್ಲಿಸರಿನಿಂದ. ಅದರ ಬೇರೆ ಮಾಡಿ, ಗಟ್ಟಿ ಆಮ್ಲವ ಮಾಂತ್ರ ಮಡಿಕ್ಕೊಂಡರೆ ನಾತ ಇಲ್ಲದ್ದ, ಬೇಗ ಕರಗದ್ದ ಬೆಳೀ ಬತ್ತಿ ಆವುತ್ತು. ಅದುವೇ ಸ್ಟಿಯರಿನ್. 1825ಲಿ ಅವುದೇ ಗೇ-ಲುಸಾಕ್ ಹೇಳುವ ಇನ್ನೊಬ್ಬ ವಿಜ್ಞಾನಿಯುದೇ ಸೇರಿ ಇದಕ್ಕೆ ಪೇಟೆಂಟು ತೆಗದವು. ಪ್ಯಾರಾಫಿನ್ ಬಂದದು ಅದರಿಂದಲೂ ಮತ್ತೆ. ಜೇಮ್ಸ್ ಯಂಗ್ ಕಲ್ಲಿದ್ದಲಿಂದ ಅದರ ತೆಗವ ಪೇಟೆಂಟು ಮಾಡಿದ್ದು 1850ಲಿ.

ಇದರ ಓದುವಗ ಎನಗೆ ಒಂದರಿ ಕೆಮಿ ಬೆಶಿ ಆತು. ಕೇಂಡ್ಲು ಬಗ್ಗದ್ದೆ ನಿಂಬಲೆ ಪ್ಯಾರಾಫಿನಿಂಗೆ ಸ್ಟಿಯರಿಕ್ ಆಮ್ಲ ಸೇರುಸುವ ಕ್ರಮ ಈಗಳೂ ಇದ್ದು. ಆ ಆಮ್ಲವ ತಾಳೆಣ್ಣೆಂದಲೂ ತೆಗವಲಕ್ಕು, ಪ್ರಾಣಿಯ ಕೊಬ್ಬಿಂದಲೂ ತೆಗವಲಕ್ಕು. ನೋಡಿರೆ ಗೊಂತಾಗ. ಆನು 1986ಲಿ ತಂದ ಕಟ್ಟಲ್ಲಿ ಎಂತ ಇತ್ತು ಹೇಳಿ ಎನಗೂ ಗೊಂತಿತ್ತಿಲ್ಲೆ, ಅಜ್ಜಿಗೂ ಗೊಂತಿತ್ತಿಲ್ಲೆ. ಗೊಂತಿಲ್ಲದ್ದರ ಅಜ್ಜಿ ಒಳ ಬಿಟ್ಟಿದಿಲ್ಲೆ. ಆನು ಗೊಂತಿಪ್ಪ ಹಾಂಗೆ ಪಾಠ ಮಾಡಿದೆ.

ಕೊಬ್ಬಿನ ಮೇಲಾಣ ಸಂಶಯವ ಸಣ್ಣದು ಹೇಳಿ ತಳ್ಳುಲೆದೇ ಆವುತ್ತಿಲ್ಲೆ. 1857ರ ಜನವರಿಲಿ ದಮ್‌ದಮಿನ ಸಿಪಾಯಿಗಳ ನೆಡುಕೆ ಹಬ್ಬಿದ್ದು ಇದೇ ಸಂಶಯ ಅಲ್ಲದೊ? ಹೊಸ ಕೋವಿಯ ತೋಟೆಗೆ ದನದ್ದುದೇ ಹಂದಿದುದೇ ಕೊಬ್ಬು ಉದ್ದಿದ್ದವು, ಅದರ ಹಲ್ಲಿಲಿ ಕಚ್ಚೆಕ್ಕು ಹೇಳಿ. ತುಪ್ಪ, ಜೇನುಮೇಣ ಯೇವದು ಬೇಕಾರೂ ನಿಂಗಳೇ ತಂದು ಉದ್ದಿಕ್ಕೊಳಿ ಹೇಳಿ ಮೇಲಾಣವು ಮತ್ತೆ ಹೇಳಿದವು. ಅಷ್ಟಪ್ಪಗ ನಂಬಿಕೆ ಹೋಗಿ ಆಗಿತ್ತಿದ್ದು.

ಇನ್ನು ಅಜ್ಜಿಯ ಮಾತಿನ ಮತ್ತಾಣ ಹೊಡೆ. ಎಂಗಳ ಕರಾವಳಿಲಿ ಮದಲು ಕೇಂಡ್ಲು ಎಂತಕೆ ಮಾಡಿದ್ದವಿಲ್ಲೆ? ಮಡಿ, ಮೈಲಿಗೆ ಒಂದು ಕಾರಣ ಆದಿಕ್ಕು. ಇನ್ನೊಂದು ಕಾರಣ ಸೆಕೆ. ಚಳಿ ದೇಶಲ್ಲಿ ಕೊಬ್ಬು ತನ್ನಷ್ಟಕೇ ಗಟ್ಟಿ ಆಗಿ ನಿಲ್ಲುತ್ತು. ಅದಕ್ಕೆ ಬತ್ತಿ ಕೊಟ್ಟರೆ ಪಾತ್ರವೇ ಬೇಡ. ಇಲ್ಲಿ ಎಣ್ಣೆ ವರ್ಷದ ಹೆಚ್ಚಿನ ದಿನವುದೇ ನೀರಾಗಿಯೇ ಇರ್ತು. ತೆಂಗಿನೆಣ್ಣೆ ಗಟ್ಟಿ ಅಪ್ಪದು ಸುಮಾರು 24 ಡಿಗ್ರಿಂದ ಕೆಳ. ಹಾಂಗಾಗಿ ಎಂಗೊಗೆ ಕಾಲುದೀಪ, ಸೊಡರು, ಹಣತೆ. ತೆಂಗಿನೆಣ್ಣೆ ದೇವರಿಂಗುದೇ ಅಡಿಗೆಗುದೇ. ಹಟ್ಟಿಗೆ, ಜಾಲಿಂಗೆ ಹೊನ್ನೆಣ್ಣೆ, ಹರಳೆಣ್ಣೆ.

ಆದರೆ ಇದರ ನೆಡುಕೆ ಒಂದು ಮರ ಬೇರೆ ನಮುನೆದು. ಅದು ಧೂಪದ ಮರ. ಪಶ್ಚಿಮ ಘಟ್ಟಲ್ಲಿ ಮಾಂತ್ರ ಸಹಜವಾಗಿ ಬೆಳವದು. ಕನ್ನಡ ಜಿಲ್ಲೆಲಿಯುದೇ ಮಲಬಾರಿಲಿಯುದೇ ಮಾರ್ಗದ ಕರೆಲಿ ಸಾಲುಮರ ಆಗಿಯೂ ನೆಟ್ಟಿದ್ದವು. ಅದರ ಮೈಂದ ಬಪ್ಪ ಬೆಳೀ ರಾಳವ ಕಿಚ್ಚಿಂಗೆ ಹಾಕಿರೆ ಧೂಪ. ಹಾಂಗಾಗಿಯೇ ಆ ಹೆಸರು. ಮಳೆ ಹಿಡಿವಗ ಅದರ ಕಾಯಿ ಉದುರುತ್ತು. ಆ ಕಾಯಿಯ ತಿರುಳಿಲಿ, ಒಣಗುಸಿದ ತೂಕಲ್ಲಿ ಸುಮಾರು ಐದನೇ ಒಂದು ಪಾಲು, ಗಟ್ಟಿ ಜಿಡ್ಡು ಇದ್ದು. ಇಂಗ್ಲಿಷಿನವು ಅದಕ್ಕೆ ಮಡಗಿದ ಹೆಸರು ಎಂತ ಗೊಂತಿದ್ದೊ? ಮಲಬಾರ್ ಟ್ಯಾಲೋ. ಟ್ಯಾಲೋ ಹೇಳಿರೆ ಅವರ ಭಾಷೆಲಿ ಕೇಂಡ್ಲು ಮಾಡುವ ಅದೇ ಕೊಬ್ಬು. ಮರಲ್ಲಿ ಆದ ಕೊಬ್ಬು ಹೇಳಿ ಅಜ್ಜಿ ಹೇಳಿದ್ದರನ್ನೇ ಲಂಡನಿನವು ಪುಸ್ತಕಲ್ಲಿ ಬರದು ಮಡಗಿದ್ದವು.

ಅದರ ಪರೀಕ್ಷೆ ಮಾಡಿ ಬರದವು ಬೆಂಜಮಿನ್ ಬ್ಯಾಬಿಂಗ್ಟನ್ ಹೇಳುವವು. ಮದರಾಸಿಲಿ ಕಂಪೆನಿಯ ಕೆಲಸಲ್ಲಿ ಇದ್ದು, ಮತ್ತೆ ಲಂಡನಿಲಿ ವೈದ್ಯರಾದ ಜೆನ. ಅವು ಕಂಡದರ ಆಂಡ್ರ್ಯೂ ಉರೆ 1839ರ ಕೈಗಾರಿಕೆಯ ನಿಘಂಟಿಲಿ ಹಾಕಿದ್ದವು. ಧೂಪದ ಕಾಯಿಯ ನೀರಿಲಿ ಕೊದಿಶಿ ತೆಗವ ಜಿಡ್ಡು ಇದು. ಮೇಣಕ್ಕುದೇ ಕೊಬ್ಬಿಂಗುದೇ ನೆಡುಕೆ ಇಪ್ಪ ವಸ್ತು. ಬಣ್ಣ ಬೆಳಿ, ಅಲ್ಲದ್ದರೆ ರಜ ಹಳದಿ. ಒಳ್ಳೆ ಕೇಂಡ್ಲು ಆವುತ್ತು. ಕರಗುದು 97½ ಡಿಗ್ರಿ ಫ್ಯಾರನ್‌ಹೀಟಿಲಿ. ಈಗಾಣ ಲೆಕ್ಕಲ್ಲಿ 36 ಡಿಗ್ರಿ ಸೆಲ್ಸಿಯಸಿಂದ ರಜ ಮೇಲೆ. ಈ ಕಡೇಣ ಅಂಕೆಯ ನೆಂಪು ಮಡಿಕ್ಕೊಳಿ, ಮುಂದೆ ಬೇಕಾವುತ್ತು.

ಇಷ್ಟು ಓದಿಕ್ಕಿ ಆನು ಅತ್ತೆಯ ಮನೆಗೆ ಹೋದೆ. ಅಪ್ಪನ ತಂಗೆ, ಪ್ರಾಯ ಎಂಬತ್ತು ಕಳುದ್ದು. ಅಜ್ಜಿ ಧೂಪದೆಣ್ಣೆ ಮಾಡುವಗ ಒಟ್ಟಿಂಗೆ ಕೂದು ಕಾಯಿ ಕೆತ್ತಿದ ಕೈ ಅದು.

"ಕೊಬ್ಬು ಹೇಳಿ ಎಂಗೊ ಹೇಳಿಗೊಂಡಿತ್ತಿಲ್ಲೆ. ಧೂಪದೆಣ್ಣೆ ಹೇಳಿಯೇ ಹೇಳುದು. ನಿನ್ನ ಚರ್ಚೆಗೆ ಉತ್ತರ ಕೊಡ್ಲೆ ಅಬ್ಬೆ ಹಾಂಗೆ ಹೇಳಿದ್ದಾಯಿಕ್ಕು" ಹೇಳಿತ್ತು ಅತ್ತೆ. ಮತ್ತೆ ಕ್ರಮ ಹೇಳಿತ್ತು.

ಕಾಯಿ ಬಿದ್ದ ಮರದಿನವೇ ಹೆರ್ಕೆಕ್ಕು. ಎರಡು ದಿನ ಬಿಟ್ಟರೆ ಮುಂಗೆ ಬತ್ತು. ಚೋಲಿ ತೆಗದು, ತಿರುಳಿನ ಕೆತ್ತಿ ಒಲೆಯ ಮೇಲಾಣ ಅಟ್ಟಲ್ಲಿ ಒಣಗುಸೆಕ್ಕು, ಎಂತಕೆ ಹೇಳಿರೆ ಆ ಸಮಯಲ್ಲಿ ಬೆಶಿಲು ಎಲ್ಲಿದ್ದು? ಒಣಗಿದ್ದರ ಒರಳಿಲಿ ಗುದ್ದಿ ಹೊಡಿ ಮಾಡುದು. ಹಂಡೆಲಿ ನೀರು ಕೊದಿವಗ ಹೊಡಿ ಹಾಕುದು. ಜಿಡ್ಡು ಮೇಲೆ ತೇಲುತ್ತು. ಕಿಚ್ಚು ತೆಗದು ಇರುಳಿಡೀ ಬಿಡುದು. ಉದಿಯಪ್ಪಗ ಮೇಲೆ ಗಟ್ಟಿ ಚಕ್ಕೆ. ಅದರ ತೆಗದು ಇನ್ನೊಂದರಿ ಕರಗುಸಿ ವಸ್ತ್ರಲ್ಲಿ ಸೋಸಿ ಗೆರಟೆಗೆ ಎರವದು. ಹಳೆ ವಸ್ತ್ರದ ನೆಣೆಯ ಮದಲೇ ನೆಡುಕೆ ನಿಲ್ಲುಸಿರೆ ಅದುವೇ ದೀಪ.

ಕೇಳಿಗೊಂಡು ಕೂದ ಎನಗೆ ಹ್ಯಾಂಪ್‌ಶೈರಿನ ಅಡಿಗೆ ಕೋಣೆ ಕಂಡತ್ತು. ಕೊಚ್ಚುದು, ನೀರಿಲಿ ಕೊದಿಶುದು, ವಸ್ತ್ರಲ್ಲಿ ಸೋಸುದು, ಉದಿವರೆಗೆ ಕಾವದು, ಚಕ್ಕೆ ತೆಗವದು. ಅಲ್ಲಿ ಕುರಿ, ಇಲ್ಲಿ ಮರ. ಕೈಯ ಕೆಲಸ ಒಂದೇ. ಎರಡು ಕಡೆಲಿಯುದೇ ಮಾಡಿದ್ದು ಹೆಮ್ಮಕ್ಕೊ.

"ಎಣ್ಣೆ ದೀಪ ಇಪ್ಪಗ ಇದೆಂತಕೆ?" ಕೇಳಿದೆ.

"ಮಳೆಗಾಲಲ್ಲಿ ಇರುಳು ಹಟ್ಟಿಗೆ ಹೋಯೆಕ್ಕನ್ನೆ ಮಾಣಿ. ಎಣ್ಣೆ ದೀಪ ಹಿಡುದು ನೆಡದರೆ ಚೆಲ್ಲುತ್ತು. ಇದು ಚೆಲ್ಲ. ದನ ಕಂಜಿ ಹಾಕುವ ಇರುಳು ಅಬ್ಬೆ ಗೆರಟೆ ಹಿಡ್ಕೊಂಡೇ ಓಡುದು. ಒಳುದ್ದರ ಕಾಲು ಒಡದ್ದಕ್ಕೆ ಉದ್ದುಲಕ್ಕು."

ಮರ ಎಂತ ಆತು ಹೇಳುದುದೇ ಅತ್ತೆಯೇ ಹೇಳಿತ್ತು. 1974ಲಿ ಎಂಗಳ ಹೊಡೆಂಗೆ ಕರೆಂಟಿನ ಕಂಬ ಬಂತು. ವಯರಿಂಗ್ ಮಾಡುಸಲೆ ಪೈಸೆ ಬೇಕಾತು. ಜಾಲಿನ ಕರೇಣ ಧೂಪದ ಮರವ ಪ್ಲೈವುಡ್ಡಿನವಕ್ಕೆ ಕೊಟ್ಟವು. ಆ ಕಾಲಲ್ಲಿ ಹಾಂಗೆ ಹೋದ್ದು ಎಂಗಳದ್ದು ಒಂದೇ ಅಲ್ಲ. ಧೂಪದ ಮರ ಪ್ಲೈವುಡ್ಡಿಂಗೆ ಭಾರೀ ಒಳ್ಳೆದು ಹೇಳಿ ಕಾಡಿಂದಲೂ ಮಾರ್ಗದ ಕರೆಂದಲೂ ಕಡುದ್ದವು. ಈಗ ಅದು ಅಳಿವಿನ ಅಪಾಯಲ್ಲಿಪ್ಪ ಮರಂಗಳ ಕೆಂಪು ಪಟ್ಟಿಲಿ ಇದ್ದು. ಅಪ್ಪ ಮಾಡಿದ್ದು ತಪ್ಪು ಹೇಳ್ಲೆ ಎನಗೆ ಮನಸ್ಸು ಬತ್ತಿಲ್ಲೆ. ಆ ಬಲ್ಬಿನ ಅಡಿಲಿ ಕೂದೇ ಆನು ಓದಿದ್ದು. ಅಜ್ಜಿ ಮರ ಕಡಿವ ದಿನ ತವರುಮನೆಗೆ ಹೋಗಿತ್ತಡ, ಕರೆಂಟು ಬಂದ ಮತ್ತೆಯೇ ವಾಪಾಸು ಬಂದದಡ. ಇದು ಎನಗೆ ಗೊಂತೇ ಇತ್ತಿಲ್ಲೆ.

ಕಳುದ ಮಳೆಗಾಲ, ಪರಿಚಯದವರ ಗುಡ್ಡೆಲಿಪ್ಪ ಒಂದು ಮರದ ಅಡಿಂದ ಕಾಯಿ ಹೆರ್ಕಿ ತಂದು ಆನುದೇ ಮಾಡಿ ನೋಡಿದೆ. ಮನೆಲಿ ಈಗ ಒಲೆಯೂ ಇಲ್ಲೆ, ಅಟ್ಟವೂ ಇಲ್ಲೆ. ಅಡಕ್ಕೆ ಒಣಗುಸುವ ಡ್ರೈಯರಿಲಿ ಒಣಗುಸಿದೆ, ಮಿಕ್ಸಿಲಿ ಹೊಡಿ ಮಾಡಿದೆ. ಒಂದೂವರೆ ಕಿಲ ಒಣ ತಿರುಳಿಂಗೆ ಕಾಲು ಕಿಲಂದ ರಜ ಕಡಮ್ಮೆ ಜಿಡ್ಡು ಸಿಕ್ಕಿತ್ತು. ಸುರುವಿಂಗೆ ಹಸುರು ಮಿಶ್ರ ಹಳದಿ ಬಣ್ಣ. ಕೆಲವು ದಿನ ಬೆಣಚ್ಚಿಂಗೆ ಮಡುಗಿಯಪ್ಪಗ ಬೆಳಿ ಆಗ್ಯೊಂಡು ಬಂತು. ಮೂಗಿಂಗೆ ಹಿಡುದರೆ ಹೇಳುವಷ್ಟು ವಾಸನೆ ಇಲ್ಲೆ.

ಕೇಂಡ್ಲು ಎರವಲೆ ಅಚ್ಚಿಂಗೆ ಬಪ್ಪಂಗಾಯಿ ಎಲೆಯ ದೆಂಟು. ಸಣ್ಣಾದಿಪ್ಪಗ ಕರಗಿದ ಕೇಂಡ್ಲಿನ ತುಂಡುಗಳ ಕರಗುಸಿ ಇದಕ್ಕೇ ಎರದು ಆಡಿದ್ದು ನಿಂಗೊಗೂ ನೆಂಪಿಕ್ಕು. ಒಂದು ಗೇಣು ಕತ್ತರುಸಿ, ಅಡಿಯ ಮಣ್ಣಿಲಿ ಮುಚ್ಚಿ, ನೆಡುಕೆ ನೂಲು ಬಿಟ್ಟು ಎರದೆ. ಮರದಿನ ದೆಂಟಿನ ಸೀಳಿಯಪ್ಪಗ ಚೆಂದದ ನಾಲ್ಕು ಕೇಂಡ್ಲು. ಒಳುದ ಜಿಡ್ಡಿನ ಗೆರಟೆಗೆ ಎರದೆ. ಒಂದು ಕೇಂಡ್ಲಿನ ಹೊತ್ತುಸಿದೆ. ಕಿಚ್ಚು ಚೆಂದ ನಿಂದತ್ತು, ಹೊಗೆ ಇಲ್ಲೆ. ಆದರೆ ಹೊಡೆಂದ ಹರುದು ಹರುದು ಒಂದು ಗಂಟೆ ಅಪ್ಪ ಮದಲೇ ಮುಗುತ್ತು. ಗೆರಟೆದರ ಕಸ್ತಲಪ್ಪಗ ಹೊತ್ತುಸಿದ್ದು, ಇರುಳು ಒಂದು ಗಂಟೆಗೆ ಎದ್ದು ನೋಡುವಗಳೂ ಹೊತ್ತಿಗೊಂಡಿತ್ತು.

ಒಳುದ ಮೂರು ಕೇಂಡ್ಲಿನ ಕವಾಟಿನ ಮೇಲೆ ಮಡಗಿ ಮರದೆ. ಎಪ್ರಿಲಿಲಿ ನೋಡುವಗ ಎರಡು ಸೊಂಟ ಬಗ್ಗಿ ಕೂದಿದ್ದು, ಒಂದು ಪೂರ ಕರಗಿ ಕವಾಟಿನ ಹಲಗೆ ಕುಡುದ್ದು. 36 ಡಿಗ್ರಿ! ಬ್ಯಾಬಿಂಗ್ಟನ್ ಬರದ್ದು ಸರಿ. ಲಂಡನಿಲಿ ಅದು ಒಳ್ಳೆ ಕೇಂಡ್ಲು. ಎಂಗಳ ಎಪ್ರಿಲಿಲಿ ಅದಕ್ಕೆ ಗೆರಟೆಯೇ ಬೇಕು. ಎಂಗಳ ಹೆಮ್ಮಕ್ಕೊಗೆ ಕೇಂಡ್ಲು ಮಾಡ್ಲೆ ಅರಡಿಯದ್ದೆ ಅಲ್ಲ ಗೆರಟೆಗೆ ಎರದ್ದು.

ಈಗ ಧೂಪದ ಜಿಡ್ಡಿನ ಶುದ್ಧ ಮಾಡಿ ಚಾಕಲೇಟಿಂಗೆ, ಸಾಬೂನಿಂಗೆ ಉಪಯೋಗ ಮಾಡ್ತವು. ಪೇಟೆಲಿ ಪ್ರಾಣಿ ಕೊಬ್ಬಿನ ಕೇಂಡ್ಲುದೇ ಪುನಃ ಬತ್ತಾ ಇದ್ದು, ನೈಸರ್ಗಿಕ ಹೇಳಿ. ಅದರ ಮಾಡುವವು ಮಾಡಲಿ. ಎನಗೆ ಬೇಕಾದ್ದು ಅಜ್ಜಿಗೆ ಅಂದು ಕೇಳದ್ದ ಪ್ರಶ್ನೆಯ ಉತ್ತರ. ಅದು ಸಿಕ್ಕಿತ್ತು, ನಲುವತ್ತು ವರ್ಷ ತಡವಾಗಿ. ನಿಂಗಳ ಮನೆಲಿ ಪ್ರಾಯ ಆದವು ಇದ್ದರೆ, ಕರೆಂಟು ಬಪ್ಪ ಮದಲು ಇರುಳು ಎಂತರ ಹೊತ್ತುಸಿಗೊಂಡಿತ್ತಿದ್ದಿ ಹೇಳಿ ಒಂದರಿ ಕೇಳಿ. ಅವು ಹೇಳುದು ನೆಗೆ ಬಪ್ಪ ಹಾಂಗೆ ಇದ್ದರೆ ಇನ್ನುದೇ ಎರಡು ಪ್ರಶ್ನೆ ಜಾಸ್ತಿ ಕೇಳಿ.

ಬಗ್ಗಿದ ಕೇಂಡ್ಲುಗಳ ಪುನಃ ಕರಗುಸಿ ಗೆರಟೆಗೆ ಎರದೆ. ಅಜ್ಜಿಯ ತಿಥಿಯ ಇರುಳು ಅತ್ತೆ ಬಂದಿತ್ತು. ದೇವರ ಕೋಣೆಯ ಬಾಗಿಲಿನ ಹತ್ತರೆ, ಅಂದು ಅಜ್ಜಿ ಕೂದ ಜಾಗೆಲಿ, ಆ ಗೆರಟೆಯ ಮಡಗಿ ಹೊತ್ತುಸಿದೆ. ಕರೆಂಟು ಇದ್ದತ್ತು, ಆನೇ ಲೈಟು ತೆಗದೆ. ಅತ್ತೆ ಬಗ್ಗಿ, ಕಿಚ್ಚಿನ ನೋಡಿಗೊಂಡು ರಜ ಹೊತ್ತು ಕೂದತ್ತು.

"ನೆಣೆ ರಜ ದಪ್ಪ ಆತು" ಹೇಳಿತ್ತು.